ಕಸೂತಿಯೂ ಕೆಲಸದ ಕ್ರಮವೂ

ಕಲೆಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿರುವರು. ಹಾಡುವವಳು, ಚಿತ್ರ ಬರೆಯುವವಳು, ಕಸೂತಿ ತೆಗೆಯುವವಳು ಮನಸ್ಸು ಬಂದಾಗ ಕೆಲಸಕ್ಕೆ ಕೂಡ್ರಬೇಕು, ಮನಸ್ಸು ಸರಿದಾಗ ಏಳಬೇಕು. ಗಡಿಯಾರವನ್ನೂ ಯಾದಿಯನ್ನೂ ಅಂಗಡಿಕಾರರಿಗೆ ಬಿಟ್ಟುಕೊಡಬೇಕು ಎಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಈ ಅಭಿಪ್ರಾಯವು ಕೇಳಲಿಕ್ಕೆ ಸೊಗಸಾಗಿದ್ದರೂ ಅದರಿಂದ ನಷ್ಟ ಹೊಂದುವವರು ಕಲಾವಿದೆಯರೇ ಹೊರತು ಬೇರೆಯವರಲ್ಲ. ಮುಗಿಯದೆ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಬಟ್ಟೆಗಳು, ಲಗ್ನಕ್ಕೆ ತಲುಪದ ಸೀರೆಗಳು, ಮೂರು ತಿಂಗಳ ದುಡಿತಕ್ಕೆ ದೊರೆತ ಅಲ್ಪ ಪ್ರತಿಫಲ, ಇವೆಲ್ಲ ಆ ನಷ್ಟದ ಗುರುತುಗಳಾಗಿವೆ. ಆದಕಾರಣ ಕೆಲಸವನ್ನು ಕ್ರಮಪಡಿಸುವ ರೀತಿಗಳನ್ನು ಕಲೆಗೆ ಹೇಗೆ ಅಳವಡಿಸಬಹುದೆಂಬುದನ್ನು ನಮ್ಮ ನಾಡಿನ ಉದಾಹರಣೆಗಳಿಂದಲೇ ವಿವರಿಸಲು ಈ ಲೇಖನದಲ್ಲಿ ಯತ್ನಿಸಿದ್ದೇನೆ.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳು 1997ನೆಯ ಇಸವಿಯವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಗೆ ಸೇರಿವೆ. ಎರೆಯ ನೆಲ, ಹತ್ತಿ, ಹಿಂಗಾರಿಯ ಜೋಳ, ಕಡಲೆ ಇವು ಈ ಪ್ರಾಂತದ ಲಕ್ಷಣಗಳು. ಹತ್ತಿಯಿದ್ದಲ್ಲಿ ನೂಲು, ನೂಲಿದ್ದಲ್ಲಿ ಮಗ್ಗ, ಮಗ್ಗವಿದ್ದಲ್ಲಿ ಸೂಜಿ ಎಂಬಂತೆ ನೇಯ್ಗೆಯೂ ಕಸೂತಿಯೂ ಇಲ್ಲಿಯ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪರಿಚಿತವಾದ ವಿದ್ಯೆಗಳು. ಇವುಗಳಲ್ಲಿ ಮೊದಲು ಕಸೂತಿಯನ್ನು ಪರಿಶೀಲಿಸೋಣ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ಹೋಗುತ್ತ ಒಂದು ಬಿಟ್ಟು ಒಂದು ಹೊಲಿದು, ಬರುತ್ತ ಬಿಟ್ಟ ಸ್ಥಳಗಳನ್ನು ತುಂಬುವ ಗವಂತಿ; ಅದೇ ರೀತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿ; ನೇಯ್ದ ಬಟ್ಟೆಯಂತೆಯೇ ಕಾಣುವ ನೇಗಿ; ಮೆಂತೆಯ ಕಾಳಿನಂತೆ ತೋರುವ ಅಡ್ಡಹೊಲಿಗೆಯಾದ ಮೆಂತಿ. ಗೋಪುರ, ತೇರು, ತುಳಸಿಯ ಕಟ್ಟೆ, ಆನೆ, ನವಿಲು, ತೊಟ್ಟಿಲು ಮೊದಲಾದ ಆಕೃತಿಗಳನ್ನು ಇವುಗಳಿಂದ ತೆಗೆಯುವರು. ಬಟ್ಟೆಯ ಮೇಲೆ ಪೆನ್ಸಿಲಿನಿಂದಾಗಲಿ ಅಚ್ಚಿನಿಂದಾಗಲಿ ಮೊದಲೇ ಗುರುತು ಮಾಡುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹೋಗುವದೇ ಪದ್ಧತಿ. ನೂಲಿಗೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿಯಂತೂ ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ಬಗೆಯಾಗಿ ಕಾಣಬೇಕು. ಮದುಮಗಳು ಉಡುವ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಸೆರಗಿನ ಹತ್ತಿರ ದೊಡ್ಡ ಗೋಪುರಗಳು ಬಂದು, ಸೆರಗಿನಿಂದ ದೂರ ಸರಿದಂತೆ ಆಕೃತಿಗಳು ಚಿಕ್ಕವೂ ವಿರಳವೂ ಆಗುವವು.

ಇಷ್ಟನ್ನು ಕೇಳಿದೊಡನೆ ಒಂದು ಮಾತು ಸ್ಪಷ್ಟವಾಗಬೇಕು. ಗವಂತಿಯ ಸೂಜಿ ಹಿಡಿದವಳು ಮೊದಲನೆಯ ಹೊಲಿಗೆಯನ್ನು ಹಾಕುವ ಮೊದಲೇ ಕೊನೆಯ ಹೊಲಿಗೆ ಎಲ್ಲಿ ಬೀಳುವದೆಂಬುದನ್ನು ತಿಳಿದಿರಬೇಕು. ಗೋಪುರದ ನಡುಗೆರೆಯ ಮೇಲೆ ಹೋಗುತ್ತಿರುವಾಗ ಒಂದು ಕೊಂಬೆ ಬಂದರೆ ಆ ಕೊಂಬೆಯ ತುದಿಯವರೆಗೆ ಹೋಗಿ, ಅದನ್ನು ತುಂಬಿಕೊಂಡು ಹಿಂದಿರುಗಿ, ಪುನಃ ನಡುಗೆರೆಯನ್ನು ಹಿಡಿಯಬೇಕು. ಕೊಂಬೆಯನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋದವಳು ಆಮೇಲೆ ನೂಲನ್ನು ಬಟ್ಟೆಯ ಹಿಂದಿನಿಂದ ಹಾರಿಸಬೇಕಾಗುವದು, ಇಲ್ಲವೆ ಕತ್ತರಿಸಬೇಕಾಗುವದು. ಎರಡರಿಂದಲೂ ಒಳಮೈ ಕೆಡುವದು. ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಹೊರಟ ಬಿಂದುವಿಗೇ ಮರಳಿ ಬಂದು ಈ ರೀತಿ ಮುಗಿಸಲು ಸಾಧ್ಯವಿದೆ. ಏಕೆಂದರೆ ಪ್ರತಿಯೊಂದು ಗೆರೆಯ ಮೇಲೆಯೂ ನೂಲು ಎರಡು ಸಲ ಹಾಯುವದು. ಗೆರೆಗಳ ಮೇಲೆ ಹೀಗೆ ತಪ್ಪದೆ ಸಂಚರಿಸುವ ಪ್ರಶ್ನೆಯನ್ನು ಆಯ್ಲರ್ ಎಂಬ ಪ್ರಖ್ಯಾತ ಗಣಿತಜ್ಞನು 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ನಿಮಿತ್ತ ಮಾಡಿಕೊಂಡು ವಿಚಾರಿಸಿದನು. ನಮ್ಮ ಅಜ್ಜಿಯಂದಿರು ಆ ಗಣಿತವನ್ನು ಓದಿರಲಿಲ್ಲ. ಆದರೆ ಅವರ ಬೆರಳುಗಳು ಅದನ್ನು ಬಲ್ಲವಾಗಿದ್ದವು. ಹೀಗಿರಲಾಗಿ ಕಸೂತಿಯು ಲೆಕ್ಕದ ಶತ್ರುವೆಂದು ಯಾರು ಹೇಳಬಲ್ಲರು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವದು ಯೋಗ್ಯವಾಗಿದೆ. ಅಕ್ಕನ ಮಗಳ ಲಗ್ನಕ್ಕೆ ಇನ್ನು ಏಳು ವಾರಗಳಿರುವಾಗ ಅವಳ ಸೀರೆಗೆ ಕಸೂತಿ ತೆಗೆದುಕೊಡುವೆನೆಂದು ನಾನು ಹಿಗ್ಗಿನಿಂದ ಒಪ್ಪಿಕೊಂಡೆನು. ಎಷ್ಟು ಗೋಪುರ, ಎಷ್ಟು ಬುಟ್ಟಾ, ಎಷ್ಟು ತಾಸು ಎಂಬುದನ್ನು ಎಣಿಸಲೇ ಇಲ್ಲ. ಮೊದಲಿನ ಹತ್ತು ದಿನಗಳು ಬಣ್ಣದ ನೂಲನ್ನು ಆರಿಸುವದರಲ್ಲಿ ಸುಖವಾಗಿ ಕಳೆದವು. ನಡುವೆ ಜೋಳದ ಸುಗ್ಗಿ ಬಂದಿತು, ಮನೆಗೆ ನೆಂಟರು ಬಂದರು, ಅತ್ತೆಯವರಿಗೆ ಜ್ವರ ಬಂದಿತು. ಕೊನೆಯ ವಾರದಲ್ಲಿ ರಾತ್ರಿ ದೀಪದ ಮುಂದೆ ಕರಿಯ ಬಟ್ಟೆಯ ಎಳೆಗಳನ್ನು ಎಣಿಸಲು ಹೋಗಿ ಮೂರನೆಯ ಗೋಪುರವನ್ನು ಒಂದು ಎಳೆಯಷ್ಟು ಓರೆ ಮಾಡಿದೆನು, ಬಿಚ್ಚಿದೆನು, ಪುನಃ ಓರೆಯಾಯಿತು. ಲಗ್ನದ ದಿನ ಹುಡುಗಿ ಅಂಗಡಿಯಿಂದ ತಂದ ಬೇರೆ ಸೀರೆಯನ್ನುಟ್ಟಳು. ಅವಳೇನೂ ಅನ್ನಲಿಲ್ಲ, ಅನ್ನದಿದ್ದುದೇ ನನಗೆ ಹೆಚ್ಚು ನೋವಾಯಿತು. ಆ ಅರೆಬರೆ ಸೀರೆಯನ್ನು ನೋಡಿದ ನೆರೆಯ ಮುದುಕಿಯೊಬ್ಬಳು ಬಟ್ಟೆಯನ್ನು ತಿರುವಿ ಹಾಕಿ, “ತಂಗೀ, ಎಳಿ ಎಣಿಸಿದಿ, ಖರೆ; ದಿನಾ ಎಣಿಸಲಿಲ್ಲವಾ” ಎಂದಳು. ಮುಂದೆ ಬರೆಯುವದೆಲ್ಲವೂ ಆ ಒಂದು ಮಾತಿನ ವಿಸ್ತಾರವೆಂದು ವಾಚಕರು ತಿಳಿಯಬಹುದು.

ಮೊದಲನೆಯ ನಿಯಮವು ಕೆಲಸವನ್ನು ತುಂಡು ಮಾಡುವದು. “ಸೀರೆಗೆ ಕಸೂತಿ ತೆಗೆಯಬೇಕು” ಎಂಬುದು ಕೆಲಸವಲ್ಲ, ಅದೊಂದು ಇಚ್ಛೆ. ಅದನ್ನು ಕಾಗದದ ಮೇಲೆ ಬಿಡಿಸಿ ಬರೆದಾಗಲೇ ಅದು ಕೆಲಸವಾಗುವದು. ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಕಲ್ಪಿಸೋಣ. ಸೆರಗಿಗೆ 4 ದೊಡ್ಡ ಗೋಪುರಗಳು, ಒಂದಕ್ಕೆ 9 ತಾಸಿನಂತೆ 36 ತಾಸು. ಆನೆ, ತೇರು ಮುಂತಾದ 8 ನಡುತರದ ಆಕೃತಿಗಳು, ಒಂದಕ್ಕೆ 4 ತಾಸಿನಂತೆ 32 ತಾಸು. ಮೈತುಂಬ 60 ಸಣ್ಣ ಬುಟ್ಟಾಗಳು, ಒಂದಕ್ಕೆ 40 ನಿಮಿಷದಂತೆ 40 ತಾಸು. ಅಂಚಿನ ಸಾಲಿಗೆ 24 ತಾಸು. ಒಟ್ಟು 132 ತಾಸುಗಳಾದವು. ಮನೆಗೆಲಸ ತೀರಿಸಿಕೊಂಡು ದಿನಕ್ಕೆ 2 ತಾಸು ಕೂಡ್ರಬಲ್ಲವಳಿಗೆ ಇದು 66 ದಿನಗಳ ಕೆಲಸ. ವಾರಕ್ಕೆ ಐದೇ ದಿನ ಕೈಗೂಡುವದೆಂದರೆ 13 ವಾರಗಳಿಗೂ ತುಸು ಹೆಚ್ಚು. ನಾನು ಏಳು ವಾರಗಳಲ್ಲಿ ಮುಗಿಸುವೆನೆಂದು ಮಾತು ಕೊಟ್ಟಿದ್ದೆನು! ಒಂದೊಂದು ಆಕೃತಿಗೆ ಹಿಡಿಯುವ ವೇಳೆಯು ಕೈಯಿಂದ ಕೈಗೆ ಬೇರೆಯಾಗುವದು ನಿಜ. ಆದುದರಿಂದ ಪ್ರತಿಯೊಬ್ಬಳೂ ಒಂದು ಗೋಪುರವನ್ನೂ ಒಂದು ಬುಟ್ಟಾವನ್ನೂ ಗಡಿಯಾರ ನೋಡಿಕೊಂಡು ತೆಗೆದು ತನ್ನ ಅಳತೆಯನ್ನು ತಾನೇ ಕಂಡುಕೊಳ್ಳತಕ್ಕದ್ದು.

ಎರಡನೆಯ ನಿಯಮವು ಅಂದಾಜಿನ ಮೇಲೆ ಅತಿಯಾದ ವಿಶ್ವಾಸವಿಡದಿರುವದು. ಇದು ನಮ್ಮ ಹೆಣ್ಣುಮಕ್ಕಳೊಬ್ಬರ ದೋಷವಲ್ಲ. ಮನುಷ್ಯಮಾತ್ರರ ಸ್ವಭಾವವೇ ಹೀಗಿದೆ. 1994ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪರಿಶೋಧನೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳನ್ನು ತಮ್ಮ ಪ್ರಬಂಧ ಎಷ್ಟು ದಿನಗಳಲ್ಲಿ ಮುಗಿಯುವದೆಂದು ಕೇಳಲಾಗಿತ್ತು. ಸರಾಸರಿ 34 ದಿನಗಳೆಂದು ಅವರು ಹೇಳಿದರು. ನಿಜವಾಗಿ ಹಿಡಿದುದು ಸರಾಸರಿ 55 ದಿನಗಳಿಗಿಂತ ತುಸು ಹೆಚ್ಚು. ಜಾಣ ವಿದ್ಯಾರ್ಥಿಗಳ ಗತಿಯೇ ಇದಾದರೆ ಒಲೆ, ತೊಟ್ಟಿಲು, ಹೊಲಗಳ ನಡುವೆ ಸೂಜಿ ಹಿಡಿಯುವವರ ಪಾಡೇನು? ಆದುದರಿಂದ ನಾವು ಎಣಿಸಿದ ವೇಳೆಗೆ ಅದರ ಅರ್ಧವನ್ನಾದರೂ ಕೂಡಿಸಿಕೊಳ್ಳುವದು ವಿವೇಕ. 13 ವಾರಗಳು ಈಗ 20 ವಾರಗಳಾದವು. ಎಂದರೆ ವೈಶಾಖದಲ್ಲಿ ಲಗ್ನವಿದ್ದ ಸೀರೆಗೆ ಕ್ರಿಸ್ಮಸ್ ಹಬ್ಬಕ್ಕೆ ಮೊದಲೇ ಸೂಜಿ ಹಿಡಿದಿರಬೇಕು. ಮುಂಗಾರಿಯ ಹೆಸರು ಬಿಡಿಸುವ ದಿನಗಳನ್ನೂ ಹಿಂಗಾರಿಯ ಸುಗ್ಗಿಯನ್ನೂ ಜಾತ್ರೆ ಹಬ್ಬಗಳನ್ನೂ ಪಂಚಾಂಗ ನೋಡಿ ಮೊದಲೇ ಹೊಡೆದುಹಾಕಿ, ಉಳಿದ ದಿನಗಳನ್ನಷ್ಟೇ ನಮ್ಮವೆಂದು ಎಣಿಸಬೇಕು.

ಮೂರನೆಯ ನಿಯಮವನ್ನು ನಾವು ಗಜೇಂದ್ರಗಡದ ನೇಕಾರರಿಂದ ಕಲಿಯಬೇಕು. ಆ ಊರು ನೇಯ್ಗೆಗೆ ಬಹುಕಾಲದಿಂದ ಹೆಸರಾದುದು. ಅಲ್ಲಿಯ ಪಟ್ಟೇದ ಅಂಚಿನ ಸೀರೆಯು ಬಹುಮಟ್ಟಿಗೆ ಮರೆತುಹೋಗಿದ್ದು ಈಚಿನ ವರ್ಷಗಳಲ್ಲಿ ಪುನಃ ಮಗ್ಗವೇರಿದೆ. ಸೀರೆಯೊಂದು ಹುಟ್ಟಬೇಕಾದರೆ ನೂಲಿಗೆ ಬಣ್ಣ ಹಾಕಬೇಕು, ಹಾಸನ್ನು ಹೂಡಬೇಕು, ಗಂಜಿ ಹಾಕಿ ಒಣಗಿಸಬೇಕು, ಎಳೆಗಳನ್ನು ಹಣಿಗೆಯಲ್ಲಿ ಪೋಣಿಸಬೇಕು. ಆಮೇಲೆಯೇ ಲಾಳಿ ಓಡಬೇಕು. ಈ ಕೆಲಸಗಳಲ್ಲಿ ಕೆಲವು ಒಂದರ ಬೆನ್ನಿಗೊಂದು ಬರತಕ್ಕವು: ಗಂಜಿ ಒಣಗದೆ ಹಾಸು ಮಗ್ಗವೇರದು. ಕೆಲವು ಬದಿಬದಿಯಲ್ಲಿ ನಡೆಯತಕ್ಕವು: ಹಾಸು ಸಿದ್ಧವಾಗುತ್ತಿರುವಾಗಲೇ ಮನೆಯ ಹೆಣ್ಣುಮಕ್ಕಳು ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವರು. ನೆರೆಯ ಇಳಕಲ್ಲಿನ ಸೀರೆಯಲ್ಲಿಯಂತೂ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ ಕೊಂಡಿಯಿಂದ ಕೂಡಿಸುವರು. ಒಂದು ಹಿಂದೆ ಬಿದ್ದರೆ ಇನ್ನೊಂದು ಕಾಯ್ದುಕೊಂಡು ಕೂಡ್ರಬೇಕು. ಯಾವುದು ಯಾವುದಕ್ಕಾಗಿ ಕಾಯಬೇಕು, ಯಾವುದು ಯಾವುದರೊಡನೆ ನಡೆಯಬಹುದು ಎಂಬುದನ್ನು ಗೆರೆಗಳಿಂದ ತೋರಿಸುವ ಪಟವೊಂದನ್ನು ಅಮೇರಿಕೆಯ ಹೆನ್ರಿ ಗ್ಯಾಂಟ್ ಎಂಬವರು 1910ರ ದಶಕದಲ್ಲಿ ಕಾರಖಾನೆಗಳಲ್ಲಿ ಪ್ರಚಾರಕ್ಕೆ ತಂದರು. ಇಂದಿಗೂ ಸೇತುವೆ ಕಟ್ಟುವವರು ಅದನ್ನು ಬಳಸುವರು. ಕಸೂತಿಯವಳಿಗೂ ಅದು ಬೇಕು. ನೂಲಿನ ಬಣ್ಣ ಬಿಡುವದೋ ಇಲ್ಲವೋ ಎಂಬುದನ್ನು ತೊಳೆದು ನೋಡದೆ ಸೂಜಿಗೆ ಪೋಣಿಸಬಾರದು. ಸೆರಗಿನ ದೊಡ್ಡ ಗೋಪುರಗಳ ಸ್ಥಳ ನಿಶ್ಚಯವಾಗದೆ ಮೈಯ ಬುಟ್ಟಾಗಳನ್ನು ಹಂಚಬಾರದು. ಆದರೆ ನೂಲು ಕತ್ತರಿಸುವದು, ಎಳೆ ಬೇರ್ಪಡಿಸುವದು ಮೊದಲಾದವುಗಳನ್ನು ಮಾತಾಡುತ್ತ ಕೂತಾಗಲೂ ಮಾಡಬಹುದು.

ನಾಲ್ಕನೆಯದು ಯಾವ ಕೆಲಸಕ್ಕೆ ಯಾವ ಹೊತ್ತು ಎಂಬ ವಿವೇಚನೆ. ಇದಕ್ಕೆ ಉದಾಹರಣೆಯನ್ನು ಹುಡುಕಲು ನಾವು ರೋಣವನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಪಂಡಿತ ಭೀಮಸೇನ ಜೋಶಿಯವರು 1922ನೆಯ ಫೆಬ್ರುವರಿ 4ರಂದು ಜನಿಸಿದುದು ರೋಣದಲ್ಲಿಯೇ. ಹನ್ನೊಂದು ವರುಷದ ಬಾಲಕರಿದ್ದಾಗ ಗುರುವನ್ನರಸುತ್ತ ಮನೆ ಬಿಟ್ಟು ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದು, ಕೊನೆಗೆ 1936ರಲ್ಲಿ ಮನೆಗೆ ಸಮೀಪದ ಕುಂದಗೋಳದ ಸವಾಯಿ ಗಂಧರ್ವರಲ್ಲಿಯೇ ಶಿಷ್ಯರಾಗಿ ನಿಂತರು. ಗುರುಗಳು ಅವರಿಗೆ ರಾಗಗಳ ರಾಶಿಯನ್ನು ಸುರಿಯಲಿಲ್ಲ. ಬೆಳಿಗ್ಗೆ ತೋಡಿ, ಮಧ್ಯಾಹ್ನದ ಮೇಲೆ ಮುಲ್ತಾನಿ, ಸಂಜೆಗೆ ಪೂರಿಯಾ. ಈ ಕೆಲವೇ ರಾಗಗಳನ್ನು ದೀರ್ಘಕಾಲ ಸಾಧನೆ ಮಾಡಿಸಿದರೆಂದು ಪ್ರಸಿದ್ಧವಾಗಿದೆ. ಆ ಶಿಸ್ತಿನಿಂದ ಹೊರಬಂದ ಗಾಯನವು ಯಂತ್ರದ ಗಾಯನವಾಗಲಿಲ್ಲ. ಗುಡುಗಿನಂತೆಯೂ ಮಳೆಯಂತೆಯೂ ಕೇಳುಗರ ಎದೆಗಿಳಿದು, 2008ರಲ್ಲಿ ಅವರಿಗೆ ಭಾರತರತ್ನ ಪದವಿಯನ್ನು ತಂದಿತು. ಆಯಾ ಹೊತ್ತಿಗೆ ಆಯಾ ರಾಗವೆಂಬ ನಮ್ಮ ಸಂಗೀತದ ನಿಯಮವನ್ನು ಸೂಜಿಗೂ ಅನ್ವಯಿಸಬಹುದು. ಕರಿಯ ಬಟ್ಟೆಯ ಎಳೆ ಎಣಿಸುವದು, ಹೊಸ ಆಕೃತಿಯನ್ನು ಆರಂಭಿಸುವದು ಇವು ಹಗಲಿನ ಬೆಳಕಿಗೂ ದಣಿಯದ ಕಣ್ಣಿಗೂ ಮೀಸಲಾಗಿರಬೇಕು. ಹೋದ ಸಾಲನ್ನು ತುಂಬಿಕೊಂಡು ಬರುವ ಕೆಲಸವು ಸಂಜೆಗೆ ಸಾಕು. ಎಣಿಕೆ ಆಗಲೇ ಮುಗಿದಿರುವದರಿಂದ ಅಲ್ಲಿ ತಪ್ಪುವ ಸಂಭವ ಕಡಿಮೆ. ನನ್ನ ಮೂರನೆಯ ಗೋಪುರ ಓರೆಯಾದುದು ಕೈಯ ದೋಷದಿಂದಲ್ಲ, ಹೊತ್ತಿನ ದೋಷದಿಂದ.

ಐದನೆಯದು ಒಂದು ಕೂಡ್ರುವಿಕೆಯ ಅಳತೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಮಹಾಕವಿಯು ಕೊಳದಲ್ಲಿ ಮಿಂದು, ಒದ್ದೆಯ ಬಟ್ಟೆಯಲ್ಲಿಯೇ ಕಂಬಕ್ಕೊರಗಿ ಕುಳಿತು, ಬಟ್ಟೆ ಆರುವವರೆಗೆ ಮಾತ್ರ ಭಾರತವನ್ನು ಹೇಳುತ್ತಿದ್ದನೆಂಬ ಐತಿಹ್ಯವನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಐತಿಹ್ಯವು ಐತಿಹ್ಯವೇ ಇರಲಿ. ಅದರೊಳಗಿನ ಬುದ್ಧಿ ದೊಡ್ಡದು. ಒದ್ದೆಯ ಬಟ್ಟೆ ಆರುವಷ್ಟು ಹೊತ್ತು ಮಾತ್ರ ಕೆಲಸ, ಆದರೆ ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸವೂ ಇಲ್ಲ. ಇಂತಹ ದಿನಗಳು ಸೇರಿ ಹತ್ತು ಪರ್ವಗಳ ಮಹಾಕಾವ್ಯವಾಯಿತು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿಯು 1980ರ ದಶಕದ ಕೊನೆಯಲ್ಲಿ ಟೊಮೆಟೊ ಹಣ್ಣಿನ ಆಕಾರದ ಅಡಿಗೆಮನೆಯ ಗಡಿಯಾರವನ್ನು ಎದುರಿಗಿಟ್ಟುಕೊಂಡು, 25 ನಿಮಿಷ ಕೆಲಸ, 5 ನಿಮಿಷ ವಿಶ್ರಾಂತಿ ಎಂಬ ಪದ್ಧತಿಯನ್ನು ಮಾಡಿಕೊಂಡನು. ಇಂದು ಅದು ಲೋಕವಿಖ್ಯಾತವಾಗಿದೆ. ಕಸೂತಿಯವಳಿಗೆ ಇದರಿಂದ ಇಮ್ಮಡಿ ಲಾಭವುಂಟು: ಮನಸ್ಸು ಚದರುವದಿಲ್ಲ, ಕಣ್ಣು ಬೇಗನೆ ಸೋಲುವದಿಲ್ಲ. ಆ 5 ನಿಮಿಷಗಳಲ್ಲಿ ಎದ್ದು ದೂರದ ಗಿಡವನ್ನೋ ಗುಡ್ಡವನ್ನೋ ನೋಡಿ ಬರಬೇಕು.

ಆರನೆಯದು ಕೈಯಲ್ಲಿ ಹಿಡಿದ ಕೆಲಸಗಳ ಮಿತಿ. ಜಪಾನಿನ ಟೊಯೊಟಾ ಮೋಟಾರು ಕಾರಖಾನೆಯಲ್ಲಿ ತಾಯಿಚಿ ಓನೊ ಎಂಬ ಅಧಿಕಾರಿಯು ಕಾನ್‌ಬಾನ್ ಎಂಬ ಪದ್ಧತಿಯನ್ನು ಬೆಳೆಸಿದನು. ಆ ಶಬ್ದಕ್ಕೆ ಫಲಕವೆಂದು ಅರ್ಥ. ಮುಂದಿನ ಕೈಗೆ ಬೇಕಾದಾಗಲೇ, ಬೇಕಾದಷ್ಟನ್ನೇ ಹಿಂದಿನ ಕೈ ಸಿದ್ಧಪಡಿಸಬೇಕು. ರಾಶಿ ಹಾಕಬಾರದು ಎಂಬುದೇ ಅದರ ತಾತ್ಪರ್ಯ. ಇದನ್ನು ಮನೆಗೆ ತಂದುಕೊಳ್ಳುವದು ಸುಲಭ. ಮೂರು ಬುಟ್ಟಿಗಳಿರಲಿ: ಮಾಡಬೇಕಾದುದು, ಮಾಡುತ್ತಿರುವುದು, ಮುಗಿದುದು. ನಡುವಿನ ಬುಟ್ಟಿಯಲ್ಲಿ ಎಂದೂ ಎರಡಕ್ಕಿಂತ ಹೆಚ್ಚು ಬಟ್ಟೆಗಳಿರಬಾರದು. ಮೂರನೆಯ ಗಿರಾಕಿ ಬಂದರೆ, “ಅಕ್ಕಾರ, ಇವೆರಡು ಮುಗಿಯುವವರೆಗೆ ತಡೆಯಿರಿ” ಎಂದು ಹೇಳುವ ಧೈರ್ಯ ಬೇಕು. ನಮ್ಮ ಹೆಣ್ಣುಮಕ್ಕಳಿಗೆ ಸೂಜಿ ಹಿಡಿಯುವದಕ್ಕಿಂತ ಈ ಮಾತನ್ನಾಡುವದೇ ಕಷ್ಟವೆಂಬುದನ್ನು ನಾನು ಬಲ್ಲೆನು. ಆದರೆ ಎಲ್ಲರಿಗೂ ಹೂಂ ಎಂದವಳು ಯಾರಿಗೂ ಹೊತ್ತಿಗೆ ಕೊಡಲಾರಳು.

ಇಲ್ಲಿಯವರೆಗೆ ಹೇಳಿದ ನಿಯಮಗಳಿಂದ ಹೊತ್ತು ಉಳಿಯುವದು, ಮಾತು ಉಳಿಯುವದು. ಆದರೆ ಇವೆರಡಕ್ಕಿಂತಲೂ ಮಹತ್ವದ ಮೂರನೆಯ ಲಾಭವೊಂದುಂಟು. ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೂ ಅದೇ. ಮೇಲೆ ಲೆಕ್ಕ ಹಾಕಿದ ಸೀರೆಗೆ ಒಬ್ಬ ವರ್ತಕನು ಮೂರು ಸಾವಿರ ರೂಪಾಯಿ ಮಜೂರಿ ಕೊಡುವೆನೆಂದು ಹೇಳಿದನೆಂದಿಟ್ಟುಕೊಳ್ಳಿರಿ. ಮೂರು ಸಾವಿರವೆಂದೊಡನೆ ಕಿವಿಗೆ ಇಂಪಾಗುವದು. ಆದರೆ 132 ತಾಸುಗಳಿಂದ ಭಾಗಿಸಿದಾಗ ತಾಸಿಗೆ 23 ರೂಪಾಯಿ ಸಹ ಬೀಳುವದಿಲ್ಲ. ಅದರಲ್ಲಿ ನೂಲಿನ ವೆಚ್ಚವನ್ನು ಕಳೆಯಬೇಕಾದರೆ ಇನ್ನೂ ಕಡಿಮೆ. ತಾಸುಗಳನ್ನು ಬರೆದಿಡದವಳಿಗೆ ಈ ಭಾಗಾಕಾರವನ್ನು ಮಾಡುವ ಉಪಾಯವೇ ಇಲ್ಲ. “ಮನೆಯಲ್ಲಿ ಸುಮ್ಮನೆ ಕೂತಾಗ ಮಾಡಿದ ಕೆಲಸ” ಎಂದು ಕೊಳ್ಳುವವನೂ ಹೇಳುವನು, ಮನೆಯವರೂ ಹೇಳುವರು. ಕೊನೆಗೆ ಅವಳೂ ಹಾಗೆಯೇ ನಂಬುವಳು. ಕಸೂತಿಗೆ ಈಗ ಸರಕಾರದ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿರುವದು ಸಂತೋಷದ ಸಂಗತಿ. ಆದರೆ ಹೆಸರಿಗೆ ದೊರೆತ ಮನ್ನಣೆಯು ಕೈಗೂ ದೊರೆಯಬೇಕಾದರೆ ಆ ಕೈ ಎಷ್ಟು ತಾಸು ದುಡಿಯಿತೆಂಬ ಲೆಕ್ಕವು ಅದರ ಒಡತಿಯ ಹತ್ತಿರವೇ ಇರಬೇಕು. ಒಂದು ಚಿಕ್ಕ ವಹಿ, ಒಂದು ಪೆನ್ಸಿಲು, ದಿನಕ್ಕೆ ಒಂದು ಸಾಲು: ಇಂದು ಯಾವ ಆಕೃತಿ, ಎಷ್ಟು ತಾಸು. ಇಷ್ಟೇ ಸಾಕು.

ಇನ್ನು ಒಂದು ಆಕ್ಷೇಪಣೆಗೆ ಸಮಾಧಾನ ಹೇಳಿ ಮುಗಿಸುವೆನು. ಇಷ್ಟೆಲ್ಲ ಯಾದಿ, ಗಡಿಯಾರ, ವಹಿಗಳ ನಡುವೆ ಕಲೆಯ ಉಸಿರು ಕಟ್ಟಲಾರದೇ? ಈ ಭಯವು ಪೂರ್ಣವಾಗಿ ನಿರಾಧಾರವಾದುದಲ್ಲ. ಯಾದಿಯನ್ನು ಒಪ್ಪವಾಗಿ ಬರೆಯುವದರಲ್ಲಿಯೇ ದಿನ ಕಳೆಯುವವರಿದ್ದಾರೆ. ಅದು ಸೋಮಾರಿತನದ ಇನ್ನೊಂದು ವೇಷ. ಹೊಸ ಆಕೃತಿಯೊಂದು ಮನಸ್ಸಿನಲ್ಲಿ ಮೂಡುವ ಗಳಿಗೆಯನ್ನು ಯಾವ ಪಟದಲ್ಲಿಯೂ ಗುರುತಿಸಲಾಗುವದಿಲ್ಲ. ಆದಕಾರಣ ವಾರದಲ್ಲಿ ಒಂದು ಹೊತ್ತನ್ನು ಯಾವ ಲೆಕ್ಕಕ್ಕೂ ಹಿಡಿಯದೆ, ಹಳೆಯ ಸೀರೆಗಳನ್ನು ಬಿಡಿಸಿ ನೋಡುವದಕ್ಕೂ, ಚೌಕುಳಿಯ ಕಾಗದದ ಮೇಲೆ ಸುಮ್ಮನೆ ಚುಕ್ಕೆಗಳನ್ನಿಡುವದಕ್ಕೂ, ಗುಡಿಯ ಗೋಪುರವನ್ನು ನಿಂತು ನೋಡುವದಕ್ಕೂ ಬಿಡಬೇಕು. ಉಳಿದ ಹೊತ್ತನ್ನು ಕಟ್ಟಿನಲ್ಲಿಟ್ಟಾಗಲೇ ಈ ಬಿಡುವು ದೊರೆಯುವದು. ಏನು ಮಾಡಬೇಕೆಂಬುದು ಕಾಗದದ ಮೇಲೆ ನಿಶ್ಚಯವಾಗಿ ಕುಳಿತರೆ ತಲೆಯು ಹಗುರವಾಗುವದು. ಹಗುರವಾದ ತಲೆಯಲ್ಲಿಯೇ ಹೊಸ ನವಿಲು ಗರಿಬಿಚ್ಚುವದು.

ಪಾಲಕರಲ್ಲಿ ಒಂದು ವಿನಂತಿ. ಮಗಳು ಸೂಜಿ ಹಿಡಿದು ಕುಳಿತಾಗ ಅದನ್ನು ಹೊತ್ತುಗಳೆಯುವ ಆಟವೆಂದು ಬಗೆದು ನಾಲ್ಕು ಸಲ ಎಬ್ಬಿಸಬೇಡಿರಿ. ಅವಳಿಗೆ ಬೆಳಕಿರುವ ಒಂದು ಮೂಲೆಯನ್ನೂ, ಎಬ್ಬಿಸದ ಒಂದು ತಾಸನ್ನೂ ಕೊಡಿರಿ. ಅವಳ ವಹಿಯನ್ನು ತಿಂಗಳಿಗೊಮ್ಮೆ ಕೂತು ನೋಡಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿಯೂ ಒಂದು ಮಾತು. ನಾವು ಶಾಲೆಯ ಹೊಲಿಗೆಯ ತರಗತಿಯಲ್ಲಿ ಹೆದರಿಕೊಂಡು ಬಟ್ಟೆಯ ಒಳಮೈಯನ್ನು ತಿರುವಿ ತೋರಿಸುತ್ತಿದ್ದುದು ನೆನಪಿದೆಯಷ್ಟೇ? ಹೊರಮೈಯ ಅಂದವು ಒಳಮೈಯ ಕ್ರಮದಿಂದ ಹುಟ್ಟುವದೆಂಬುದನ್ನು ಅಂದೇ ಕಲಿತವರು ನಾವು. ದಿನಗಳ ಒಳಮೈಯನ್ನೂ ಹಾಗೆಯೇ ತಿರುವಿ ನೋಡಿಕೊಳ್ಳೋಣ.

ನನ್ನ ಆ ಅರೆಬರೆ ಸೀರೆಯನ್ನು ನಾನು ಬಿಸುಡಲಿಲ್ಲ. ಎಳೆಗಳನ್ನೂ ದಿನಗಳನ್ನೂ ಎರಡನ್ನೂ ಎಣಿಸಿ, ಓರೆಯಾದ ಗೋಪುರವನ್ನು ಬಿಚ್ಚಿ, ಹಗಲಿನ ಬೆಳಕಿನಲ್ಲಿ ಪುನಃ ತೆಗೆದು, ಇಪ್ಪತ್ತೊಂದನೆಯ ವಾರಕ್ಕೆ ಮುಗಿಸಿದೆನು. ಅಕ್ಕನ ಮಗಳು ಅದನ್ನು ತನ್ನ ಕೂಸಿನ ತೊಟ್ಟಿಲ ದಿನ ಉಟ್ಟಳು. ನೆರೆಯ ಮುದುಕಿಯು ಅಂದೂ ಬಂದಿದ್ದಳು. ಸೆರಗನ್ನು ಕೈಗೆತ್ತಿಕೊಂಡು ತಿರುವಿ ನೋಡಿ, ಏನೂ ಅನ್ನದೆ ಕೆಳಗೆ ಬಿಟ್ಟಳು.